ಆತು ಅಂದವರು ಯಾರು?

ಕಂತು ಒಂಬತ್ತು

"ತೊಂಬತ್ತೆಂಟು ಪರ್ಸೆಂಟ್ ಸುದ್ದಿ ದಡಕ್ಕೆ ಮುಟ್ಟಿದ್ದು," ಎಂದು ಅನೂಪ ನಾಲ್ಕನೆಯ ಸಲ ಹೇಳಿದ.

ಐದನೆಯ ಸಲ ಹೇಳಿದರೆ ಅವನ ಕಂಪ್ಯೂಟರನ್ನು ಶರಾವತಿಗೆ ಎಸೆಯುವುದೇ ಸೈ ಎಂದು ಮನಸ್ಸಿನಲ್ಲೇ ಶಪಥ ಮಾಡಿದೆ. ಹೊಳೆ ದೂರವೇನಿರಲಿಲ್ಲ. ಹೊನ್ನಾವರ ಬಂದರದ ಮೀನುಗಾರರ ಸೊಸೈಟಿಯ ಆ ಕೋಣೆಯ ಕಿಟಕಿ ತೆರೆದರೆ ಎದುರಿಗೇ ಹೊಳೆ ಕಡಲು ಸೇರುವ ಅಳಿವೆ.

ಭಾನುವಾರ ಕಡಲಿಗೆ ಹೋದ ಮೀನುಗಾರ ಶುಕ್ರ ಮರಳಿಲ್ಲ. ಇಂದು ಗುರುವಾರ, ಗಂಟೆ ಮೂರೂವರೆ. ಸಂಜೆ ಆರಕ್ಕೆ ಹುಡುಕಾಟ ನಿಲ್ಲಿಸಿ, ಕಡತ ಮುಚ್ಚಿ, ದಡದಲ್ಲಿ ಸುದ್ದಿ ಕಾಯುವ ದೇವುವನ್ನು ಜೀಪು ಹತ್ತಿಸಬೇಕು ಎಂದು ನಮ್ಮ ಸಾಹೇಬರ ಹುಕುಂ.

ಜೀಪು ಆಗಲೇ ಬಂದು ಐಸ್ ಫ್ಯಾಕ್ಟರಿಯ ನೆರಳಿನಲ್ಲಿ ನಿಂತಿತ್ತು. ಅದನ್ನು ನೋಡಿಯೇ ನನಗೆ ಅರ್ಧ ಸಿಟ್ಟು ಬಂದಿತ್ತು. ಪೊಲೀಸ್ ವೈರ್‌ಲೆಸ್ಸಿನಲ್ಲಿ ಇಪ್ಪತ್ತೇಳು ವರ್ಷ ಸವೆದವನು ನಾನು, ಕೃಷ್ಣಾನಂದ ಹೆಗಡೆ. ನಿವೃತ್ತಿಗೆ ಐದು ತಿಂಗಳು ಬಾಕಿ. ಸಾಹೇಬರ ಜೀಪಿನ ಏರಿಯಲ್ಲನ್ನು ಕೂರಿಸಿದ್ದು ಇದೇ ಕೈ. ಈಗ ಅದರ ಪಕ್ಕದಲ್ಲಿ ಇನ್ನೊಂದು ಏರಿಯಲ್ ಎದ್ದಿದೆ, ಅದೂ ಸೊಟ್ಟಗೆ. ನನಗೆ ಒಂದು ಮಾತು ಹೇಳಿದವರಿಲ್ಲ. ಐದು ತಿಂಗಳು ತಡೆದುಕೊಂಡಿದ್ದರೆ ಏನಾಗುತ್ತಿತ್ತೋ.

"ತಮಾ," ಎಂದೆ ಅನೂಪನಿಗೆ. ಕತಗಾಲದವನು, ನಮ್ಮ ಪೈಕಿಯೇ, ಘಟ್ಟದ ಮೇಲಿನ ಯಾವುದೋ ಕಾಲೇಜಿನಲ್ಲಿ ಲೆಕ್ಚರರ್. "ಆ ತೊಂಬತ್ತೆಂಟನ್ನ ಒಂಚೂರು ಹೊತ್ತು ಚೀಲದಲ್ಲಿ ಹಾಕಿಡು. ಉಳಿದ ಎರಡು ಎಲ್ಲಿಗೆ ಹೋತು ಹೇಳು."

"ಎರಡು ಪರ್ಸೆಂಟ್ ಎಲ್ಲಾ ಕಡೆನೂ ಹೋಗ್ತು ಮಾವ. ಆದ್ರೆ ಶುಕ್ರನ ಸುದ್ದಿ ಹೋಗಿದ್ದಿಲ್ಲೆ. ಅದು ಮುಟ್ಟಿದ್ದು. ಆತು ಹೇಳಿ ಉತ್ತರ ಬೈಂದು."

"ಮುಟ್ಲಿಲ್ಲ," ಎಂದ ಮೂಲೆಯಿಂದ ದೇವು. ಬೆಳಗಿನಿಂದ ಅವನ ಬಾಯಲ್ಲಿ ಇದೊಂದೇ ಮಾತು.

ಒಬ್ಬ ಮುಟ್ಟಿದೆ ಎನ್ನುತ್ತಾನೆ, ಇನ್ನೊಬ್ಬ ಮುಟ್ಟಲಿಲ್ಲ ಎನ್ನುತ್ತಾನೆ. ಇವರಿಬ್ಬರ ನಡುವೆ ಹೊಸ್ತಿಲ ಮೇಲೆ ಶುಕ್ರನ ಹೆಂಡತಿ ಸೋಮಿ ನಾಲ್ಕು ದಿನದಿಂದ ಕೂತಿದ್ದಾಳೆ. ಅಳುವುದಿಲ್ಲ, ಕೇಳುವುದಿಲ್ಲ. ಯಾರು ಮಾತಾಡಿದರೂ ಅವರ ಬಾಯನ್ನೇ ನೋಡುತ್ತಾಳೆ. ಆ ನೋಟದೆದುರು ನನಗೆ ಕುರ್ಚಿಯಲ್ಲಿ ಕೂರಲೂ ಆಗುತ್ತಿರಲಿಲ್ಲ.

ಸುದ್ದಿ ಹೊರುವ ಈ ರೇಡಿಯೋ ಡಬ್ಬದ ಕಥೆ ಇಷ್ಟೇ. ಕಡಲಿನೊಳಗೆ ಮೊಬೈಲ್ ಸಿಗುವುದಿಲ್ಲ, ಟವರ್ ನೆಡಲು ಅಲ್ಲಿ ನೆಲವಿಲ್ಲ. ಹಾಗಾಗಿ 2007ರ ಮಳೆಗಾಲ ಮುಗಿಯುತ್ತಲೇ ಅನೂಪನ ಕಾಲೇಜಿನವರು ಭಟ್ಕಳ, ಹೊನ್ನಾವರ, ಕುಮಟೆಯ ದೋಣಿಗಳಿಗೆ ಒಂದೊಂದು ಡಬ್ಬ ಹಂಚಿದರು. ದೋಣಿಗಳೇ ಟವರು. ದೂರದ ದೋಣಿಯ ಸುದ್ದಿಯನ್ನು ನಡುವಿನ ದೋಣಿ ಹಿಡಿದು ಮುಂದಿನದಕ್ಕೆ ಕೊಡುತ್ತದೆ, ಅದು ದಡದ ಡಬ್ಬಕ್ಕೆ. ಹಿಂದೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಚೀಟಿ ಕೊಟ್ಟು ಕಳಿಸುತ್ತಿದ್ದೆವಲ್ಲ, ಅದೇ.

ಬಸ್ಸಿಗೆ ರೂಟು ಇರುತ್ತದೆ, ದೋಣಿಗೆ ಇಲ್ಲ. ಅವು ಅಲೆಯ ಮೇಲೆ ಅತ್ತಿತ್ತ ಆಗುತ್ತಿರುತ್ತವೆ. ಅದಕ್ಕೇ ಸುದ್ದಿ ಕಳಿಸುವ ಮುಂಚೆ ಡಬ್ಬ "ದಡಕ್ಕೆ ದಾರಿ ಯಾರಿಗೆ ಗೊತ್ತು?" ಎಂದು ಕೂಗುತ್ತದೆ. ಹಿಂದೆ ಯಾರ ಕಡೆಯಿಂದ ಬೇಗ ಬೇಗ ಉತ್ತರ ಬಂದಿತ್ತೋ ಅವರನ್ನೇ ನಂಬಿ ಸುದ್ದಿ ಕೊಡುತ್ತದೆ. ಕೆಂಪು ಗುಂಡಿ ಒತ್ತಿದರೆ, ಆಪತ್ತು, ಬನ್ನಿ ಎಂದು. ಸುದ್ದಿ ದಡಕ್ಕೆ ಮುಟ್ಟಿದಾಗ ದಡದಲ್ಲಿರುವ ದೇವು ಹಸಿರು ಗುಂಡಿ ಒತ್ತಬೇಕು. ಆಗ ಕಳಿಸಿದವನ ಡಬ್ಬದಲ್ಲಿ "ಆತು" ಎಂದು ಅಕ್ಷರ ಮೂಡುತ್ತದೆ.

ತದಡಿಯ ನಾಲ್ಕನೇ ನಂಬರಿನ ದೋಣಿ ಇಂದು ಬೆಳಿಗ್ಗೆ ಮರಳಿತ್ತು. ಅದರ ಡಬ್ಬದೊಳಗೆ ತಾನು ದಾಟಿಸಿದ ಉತ್ತರದ ಒಂದು ಸಾಲು ಉಳಿದಿತ್ತು. ಭಾನುವಾರ ಮಧ್ಯಾಹ್ನ ಎರಡೂ ಹತ್ತಕ್ಕೆ, ಹನ್ನೊಂದನೇ ಡಬ್ಬದ ಕೆಂಪು ಗುಂಡಿಗೆ "ಆತು". ಹನ್ನೊಂದು ಎಂದರೆ ಶುಕ್ರ. ಸಾಹೇಬರಿಗೆ ಅಷ್ಟು ಸಾಕಾಯಿತು. ಅವರ ಲೆಕ್ಕದಲ್ಲಿ ಸುದ್ದಿ ದಡಕ್ಕೆ ಮುಟ್ಟಿತ್ತು, ದೇವು ಸುಮ್ಮನೆ ಕೂತ, ಆಮೇಲೆ ಹೆದರಿ ದಡದ ಡಬ್ಬದಲ್ಲಿದ್ದುದನ್ನು ಅಳಿಸಿ ಹಾಕಿದ. ದೋಣಿ ಮುಳುಗಿತು. ಮುಗಿಯಿತು.

ಫೋನು ಹೊಡೆದುಕೊಂಡಿತು. ಸಾಹೇಬರು.

"ಆರು ಗಂಟೆಗೆ ಎಲ್ಲ ಮುಗೀಬೇಕು ಹೆಗಡೆ. ಆತಲ್ಲ?"

ದಕ್ಷಿಣದ ಬಯಲುಸೀಮೆಯವರು. ಇಲ್ಲಿಗೆ ಬಂದು ಎರಡು ವರ್ಷದಲ್ಲಿ ನಮ್ಮ ಭಾಷೆಯ ಒಂದೇ ಒಂದು ಮಾತು ಕಲಿತಿದ್ದರು.

"ಆತು ಸರ್," ಎಂದೆ.

ಫೋನ್ ಇಟ್ಟ ಮೇಲೆ ನನ್ನ ಮೇಲೆ ನನಗೇ ರೇಗಿತು. ಏನು ಆತು? ನನ್ನ ತಲೆ. ಕೇಳಿಸಿತು ಎಂದು ಹೇಳಿದೆನೇ ಹೊರತು ಮಾಡುತ್ತೇನೆ ಎಂದೂ ಅಲ್ಲ, ಒಪ್ಪಿದೆ ಎಂದೂ ಅಲ್ಲ.

ಅಲ್ಲಿಯೇ ನಾನು ನಿಂತುಬಿಟ್ಟೆ.

ಪೊಲೀಸ್ ವೈರ್‌ಲೆಸ್ಸಿನಲ್ಲಿ ನಮಗೆ ಮೊದಲ ದಿನವೇ ಕಲಿಸುವ ಪಾಠವೊಂದಿದೆ. "ಕೇಳಿತು" ಬೇರೆ, "ಮುಟ್ಟಿಸಿದೆ" ಬೇರೆ. ಎರಡನ್ನೂ ಕಲೆಸಿದ ಕಾನ್‌ಸ್ಟೇಬಲ್ಲನಿಗೆ ವಾರವಿಡೀ ಬ್ಯಾಟರಿ ತೊಳೆಯುವ ಶಿಕ್ಷೆ.

"ತಮಾ, ಈ ಆತು ಹೇಳುವ ಶಬ್ದವನ್ನ ಯಾರು ಆರಿಸಿದ್ದು?"

"ದೋಣಿಯವರೇ. ಮುಟ್ಟಿತು ಹೇಳೂಲೆ ಎಂತ ಹಾಕವು ಹೇಳಿ ಕೇಳಿದ್ದೆ. ಎಲ್ಲರೂ ಆತು ಹೇಳಿದ."

"ಹಸಿರು ಗುಂಡಿ ದಡದ ಡಬ್ಬಕ್ಕೆ ಮಾತ್ರ ಇದ್ದ?"

ಅವನು ಕನ್ನಡಕ ಒರೆಸಿದ. "ಎಲ್ಲದಕ್ಕೂ ಇದ್ದು. ಒಂದೇ ಅಚ್ಚಿನಲ್ಲಿ ಹೊಡೆಸಿದ್ದು. ಆದ್ರೆ ದಡದವ ಬಿಟ್ಟು ಬೇರೆ ಯಾರೂ ಒತ್ತಲಾಗ ಹೇಳಿದ್ದೆ."

"ದೋಣಿಯವು ಎಂತ ಹೇಳಿದ?"

"ಆತು ಹೇಳಿದ."

ಕೆಲವು ಸಲ ಮನುಷ್ಯನಿಗೆ ಗೋಡೆಗೆ ಹಣೆ ಚಚ್ಚಿಕೊಳ್ಳಬೇಕು ಎನ್ನಿಸುತ್ತದೆ. ಸೊಸೈಟಿಯ ಗೋಡೆಗೆ ಹೊಸ ಸುಣ್ಣ ಬಳಿದಿದ್ದರು, ಅದಕ್ಕೇ ಬಿಟ್ಟೆ.

"ನಾಲ್ಕನೇ ಡಬ್ಬದ ಆ ಸಾಲನ್ನ ಇನ್ನೊಮ್ಮೆ ಓದು. ಆತು ಹೇಳಿದ್ದು ಯಾವ ನಂಬರು?"

"ದಡದ್ದೇ ಆಗಿರ್ತು..."

"ಓದು."

ದಡದ ಡಬ್ಬದ ನಂಬರು ಒಂದು. ಅನೂಪ ಪರದೆಗೆ ಮೂಗು ತಾಗಿಸಿ ನೋಡಿದ. ಆತು ಎಷ್ಟು ಬಂತು ಎಂದು ಎಣಿಸಿದ್ದನೇ ಹೊರತು ಆತು ಅಂದವರು ಯಾರು ಎಂದು ಇಷ್ಟು ದಿನ ಅವನು ನೋಡಿಯೇ ಇರಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ.

"ಏಳು," ಎಂದ ಸಣ್ಣ ದನಿಯಲ್ಲಿ.

ದೇವು ಸ್ಟೂಲಿನಿಂದ ಎದ್ದು ನಿಂತ. ಬಲೆ ಎಳೆಯುವ ಹಗ್ಗಕ್ಕೆ ಸಿಕ್ಕಿ ಜಜ್ಜಿದ ಕಾಲು ಅವನದು, ಏಳುವುದಕ್ಕೆ ಗೋಡೆ ಹಿಡಿಯಬೇಕು. "ನಾ ಹೇಳ್ಲಿಲ್ವ ಹೆಗಡೇರೆ," ಎಂದ. ನಾಲ್ಕು ದಿನದಲ್ಲಿ ಮೊದಲ ಬಾರಿಗೆ ಅವನ ಕಣ್ಣು ಒದ್ದೆಯಾಯಿತು.

ಏಳನೇ ಡಬ್ಬ ಭಟ್ಕಳದ ವೆಂಕಟನದು. ಸೊಸೈಟಿಯಿಂದ ಅವನ ಕೇರಿಯ ಅಂಗಡಿಗೆ ಫೋನ್ ಮಾಡಿಸಿದೆ. ಅವನು ಬಸ್ಸು ಹಿಡಿದು ಬರುವ ಹೊತ್ತಿಗೆ ಐದೂ ಹತ್ತು. ನಡುವೆ ಸಾಹೇಬರ ಫೋನು ಇನ್ನೊಂದು ಸಲ ಬಂತು, ನಾನೂ ಇನ್ನೊಂದು ಆತು ಹೇಳಿದೆ. ಹೇಳದಿದ್ದರೆ ಅವರು ಫೋನ್ ಇಡುವವರಲ್ಲ.

ವೆಂಕಟ ಗಡ್ಡ ಬಿಟ್ಟಿದ್ದ. ಡಬ್ಬವನ್ನು ಹೆಗಲ ಬೈರಾಸಿನಲ್ಲಿ ಸುತ್ತಿ ಕಂಕುಳಲ್ಲಿ ಹಿಡಿದು ತಂದಿದ್ದ. ಮೇಜಿನ ಮೇಲೆ ಮೆಲ್ಲಗೆ ಇಟ್ಟು, ಸೋಮಿಯನ್ನು ಕಂಡು ತಲೆ ತಗ್ಗಿಸಿದ.

"ವೆಂಕಟ, ಈ ಹಸಿರು ಗುಂಡಿ ನೀನು ಒತ್ತುತ್ತೀಯಾ?"

"ಒತ್ತೂದೇಯ."

"ಯಾವಾಗ?"

"ದೀಪ ಮಿಣುಕಿದಾಗ. ಯಾರದೋ ಸುದ್ದಿ ನಮ್ಮ ಡಬ್ಬಕ್ಕೆ ಬಂತು ಅಂದ್ರೆ ದೀಪ ಮಿಣುಕ್ತದ್ಯಲ್ಲ, ಆಗ."

"ಒತ್ತಬೇಡಿ ಅಂತ ಈ ಮಾಸ್ತರ್ರು ಹೇಳಿರಲಿಲ್ವ?"

"ಹೇಳಿದ್ರು." ಅವನು ಅನೂಪನ ಕಡೆ ನೋಡಿ ನಾಚಿಕೊಂಡ. "ಆದ್ರೆ ಯಾರೋ ಎಂತದೋ ಹೇಳ್ತ್ರು ಹೆಗಡೇರೆ. ಹೇಳ್ದವ್ರಿಗೆ ಆತು ಅನ್ನದೆ ಸುಮ್ನೆ ಕೂರೂಕೆ ಆತದ್ಯ? ಕೇಳ್ತೋ ಇಲ್ವೋ ಅಂತ ಆ ಕಡೆಯವ್ರು ಕಾಯ್ತ್ರು. ನಮ್ಮಮ್ಮ ಇದ್ದಿದ್ರೆ ಸೌಟಲ್ಲಿ ಹೊಡೀತಿತ್ತು."

"ಸುದ್ದಿ ದಡಕ್ಕೆ ಮುಟ್ಟಿತು ಅಂತ ನಿನಗೆ ಗೊತ್ತಿತ್ತಾ?"

"ನಂಗೆ ಹೆಂಗೆ ಗೊತ್ತಾತದೆ? ನಾ ಕೇಳ್ದೆ ಅಂತ ಆತು ಅಂದೆ. ಅಷ್ಟೇಯ. ಮುಂದೆ ಹೇಳೂದು ಡಬ್ಬದ ಕೆಲ್ಸ."

ಡಬ್ಬ ಮುಂದೆ ಹೇಳುವುದಿಲ್ಲ. ಆತು ಎಂದ ಕೂಡಲೇ ಅದರ ಪಾಲಿಗೆ ಸುದ್ದಿ ದಡಕ್ಕೆ ಮುಟ್ಟಿತು, ಅಲ್ಲಿಗೇ ಕೈಬಿಡುತ್ತದೆ. ಇನ್ನೂ ಚೆಂದದ ಸಂಗತಿ ಎಂದರೆ, ಎಲ್ಲರಿಗಿಂತ ಬೇಗ ಆತು ಎನ್ನುವವನು ವೆಂಕಟನಾದ್ದರಿಂದ ಉಳಿದ ಡಬ್ಬಗಳೆಲ್ಲ ದಡಕ್ಕೆ ಇವನೇ ಹತ್ತಿರ ಎಂದು ನಂಬಿ, ಇದ್ದಬದ್ದ ಸುದ್ದಿಯನ್ನೆಲ್ಲ ಇವನಿಗೇ ತಂದು ಸುರಿದಿದ್ದವು.

"ಒಟ್ಟು ಆತು ಎಷ್ಟು, ಅದ್ರಲ್ಲಿ ಏಳರದ್ದು ಎಷ್ಟು? ಎಣಿಸು," ಎಂದೆ.

ಅನೂಪ ಎಣಿಸಿದ. ನಾನೂರ ಹನ್ನೆರಡರಲ್ಲಿ ಮುನ್ನೂರ ಆರು. ಆಮೇಲೆ ಅವನು ತೊಂಬತ್ತೆಂಟರ ಸುದ್ದಿ ಎತ್ತಲಿಲ್ಲ.

ನನಗೆ ನಗು ಬರಬೇಕಿತ್ತು. ಮೈಯೆಲ್ಲ ಉರಿಯಿತು. ಘಟ್ಟದ ಮೇಲೆ ಕೂತು ಮೂರು ವರ್ಷ ತಲೆ ಕೆಡಿಸಿಕೊಂಡು ಇವರು ಕಟ್ಟಿದ್ದನ್ನು ಭಟ್ಕಳದ ಒಬ್ಬ ಮನುಷ್ಯ ತನ್ನ ತಾಯಿ ಕಲಿಸಿದ ಮರ್ಯಾದೆಯಿಂದ ಕೆಡವಿ ಹಾಕಿದ್ದ. ಅವನಿಗೆ ಬೈಯುವುದೋ, ಇವನಿಗೆ ಬೈಯುವುದೋ? ಸೋಮಿಗೆ ಏನೆಂದು ಹೇಳುವುದು? ನಿನ್ನ ಗಂಡನ ಕೂಗನ್ನು ಯಾರೂ ಬೇಕೆಂದು ನುಂಗಲಿಲ್ಲ ತಾಯಿ, ಒಳ್ಳೆಯ ನಡತೆ ನುಂಗಿತು ಎಂದೇ?

ಅವಳು ಆಗಲೇ ಅರ್ಥ ಮಾಡಿಕೊಂಡಿದ್ದಳು.

"ಆತು ಅಂತ ಬಂದ್ರೆ ಅಂವ ಕಾಯ್ತ ಕೂತಿರ್ತ," ಎಂದಳು. "ಜನ ಹೊರಟ್ರು ಅಂತ ನಂಬ್ಕೊಂಡು, ಇದ್ದಲ್ಲೇ ಲಂಗರು ಹಾಕಿ ಕಾಯ್ತ. ಈಜೂಕೂ ಹೋಗ್ತಿಲ್ಲ, ಬೇರೆ ದಾರಿಯೂ ಹುಡುಕ್ತಿಲ್ಲ."

ವೆಂಕಟ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ಭಾನುವಾರ ನಾ ಒತ್ತಲಿಲ್ಲ ಅಕ್ಕ. ದೇವರಾಣೆ ಒತ್ತಲಿಲ್ಲ."

"ಈಗ ಒತ್ತಿದೆ ಅಂದ್ಯಲ್ಲ," ಎಂದೆ. ನನ್ನ ದನಿ ಏರಿತ್ತು.

"ಬೇರೆ ದಿನ ಒತ್ತಿದ್ದೆ. ಭಾನುವಾರ ನಾ ಕಡಲಿಗೇ ಹೋಗ್ಲಿಲ್ಲ. ಶುಕ್ರವಾರ ನಮ್ಮ ದೊಡ್ಡಪ್ಪ ತೀರ್ಕೊಂಡ್ರು, ಮನೇಲಿ ಸೂತಕ. ದೋಣಿ ಮರಳ ಮೇಲಿದ್ದು ಇವತ್ತಿಗೆ ಏಳು ದಿನ. ಡಬ್ಬದ ಬ್ಯಾಟರಿ ಬಿಚ್ಚಿ ಅಂಗಳದ ದೀಪಕ್ಕೆ ಕೊಟ್ಟಿದ್ದೆ, ಜನ ಬರ್ತಿದ್ರಲ್ಲ, ಕರೆಂಟಿರ್ಲಿಲ್ಲ. ನೋಡ್ಕಳಿ ಬೇಕಾರೆ."

ಡಬ್ಬವನ್ನು ತಿರುಗಿಸಿದೆ. ಬ್ಯಾಟರಿಯ ಗೂಡು ಖಾಲಿ. ಒಳಗೆ ಇರುವೆಗಳು ಮನೆ ಮಾಡಿ ಮೊಟ್ಟೆ ಇಟ್ಟಿದ್ದವು.

ಅನೂಪನೂ ಇಣುಕಿದ.

"ಬೇರೆ ಯಾವ್ದಾದ್ರೂ ಡಬ್ಬ ತಾನೇ ಏಳು ಹೇಳಿ ಹೇಳಲೆ ಆಗ್ತ?" ಎಂದು ಕೇಳಿದೆ.

"ಹಿಂದೆ ಒಂದು ಸಣ್ಣ ತಿರುಗಣೆ ಇದ್ದು. ಸ್ಕ್ರೂಡ್ರೈವರಿನಲ್ಲಿ ತಿರುಗಿಸಿದ್ರೆ ನಂಬರ್ ಬದಲಾಗ್ತು."

"ಬೀಗ ಇಲ್ಯ? ಗುಟ್ಟಿನ ಶಬ್ದ? ನೀನು ನೀನೇ ಹೌದಾ ಹೇಳಿ ಕೇಳೂದು?"

"ಹಾಕಿದ್ದೆ ಮಾವ, ಮೊದಲು. ಆದ್ರೆ ಒಂದೊಂದು ಡಬ್ಬವೂ ಮತ್ತೊಂದರ ಗುರುತು ಕೇಳ್ತಾ ಕೂತ್ರೆ ಸುದ್ದಿ ನಿಧಾನ ಆಗ್ತು. ಬ್ಯಾಟರಿ ತಿಂತು. ವರದಿಯಲ್ಲಿ ವೇಗ ತೋರಿಸಕಾಗಿತ್ತು."

"ಅದಕ್ಕೆ ಬಾಗಿಲನ್ನೇ ತೆಗೆದುಹಾಕಿದ್ರಿ."

ಅವನು ಡಬ್ಬದ ಮುಚ್ಚಳ ಹಾಕತೊಡಗಿದ. ಪುಣ್ಯ. ಮಾತಾಡಿದ್ದರೆ ನಾನೇನು ಮಾಡುತ್ತಿದ್ದೆನೋ.

ವೆಂಕಟನ ಮರ್ಯಾದೆಯಿಂದ ಏಳನೇ ನಂಬರಿಗೆ ಹೆಸರು ಬಂದಿತ್ತು, ಎಲ್ಲ ಡಬ್ಬಗಳೂ ಅದನ್ನು ನಂಬುತ್ತಿದ್ದವು. ಇದನ್ನು ಯಾರೋ ನೋಡಿದ್ದಾರೆ. ವೆಂಕಟ ಸೂತಕದಲ್ಲಿ ಕೂತಾಗ ಅವನ ನಂಬರನ್ನು ತಾವು ಹಾಕಿಕೊಂಡಿದ್ದಾರೆ. ಮುನ್ನೂರು ಸಲ ಅದು ತಪ್ಪು. ಭಾನುವಾರ ಮಾತ್ರ ಬೇಕೆಂದೇ ಮಾಡಿದ್ದು.

ಗಂಟೆ ಐದೂ ಇಪ್ಪತ್ತೈದು.

"ದಡದ ಡಬ್ಬ ತನಗೆ ಬಂದ ಸುದ್ದಿ ಮಾತ್ರ ಕೇಳ್ತ, ಅಥವಾ ಗಾಳಿಯಲ್ಲಿ ಹೋಗೂದೆಲ್ಲ ಕೇಳ್ತ?"

"ತನ್ನದು ಮಾತ್ರ. ಎಲ್ಲ ಕೇಳೂಹಾಂಗೆ ಮಾಡಲಾಗ್ತು, ಆದ್ರೆ ಬ್ಯಾಟರಿ..."

"ಬ್ಯಾಟರಿ ಸಾಯ್ಲಿ. ಕಿವಿ ತೆರೆ."

ಅನೂಪ ಏನೇನೋ ಒತ್ತಿದ. ಪರದೆ ಖಾಲಿಯಾಯಿತು. ಐವರೂ ಅದರ ಮುಂದೆ ಕೂತೆವು. ಸೋಮಿ ಹೊಸ್ತಿಲು ಬಿಟ್ಟು ಮೊದಲ ಸಲ ಒಳಗೆ ಬಂದಳು. ಹೊರಗೆ ಮೀನಿನ ಬುಟ್ಟಿಗಳನ್ನು ಎಳೆಯುವ ಸದ್ದು, ಯಾರೋ ಕೊಂಕಣಿಯಲ್ಲಿ ಜಗಳ ಮಾಡುವ ಸದ್ದು. ಮೂವತ್ತಾಯಿತು. ಮೂವತ್ತೈದಾಯಿತು. ನನ್ನ ಅಂಗಿ ಬೆನ್ನಿಗೆ ಅಂಟಿತ್ತು.

ಐದೂ ಮೂವತ್ತೆಂಟಕ್ಕೆ ಪರದೆಯ ಮೇಲೆ ಒಂದು ಸಾಲು ಮೂಡಿತು.

ಏಳರಿಂದ ಹನ್ನೊಂದಕ್ಕೆ: ಆತು.

ಏಳನೇ ಡಬ್ಬ ಇರುವೆ ಮೊಟ್ಟೆ ಹೊತ್ತುಕೊಂಡು ನನ್ನ ಮೊಣಕೈ ಪಕ್ಕದಲ್ಲೇ ಬಿದ್ದಿತ್ತು.

"ಹನ್ನೊಂದು ನಮ್ದಲ್ವ?" ಎಂದಳು ಸೋಮಿ.

"ಹೌದು," ಎಂದೆ.

"ಹಂಗಾರೆ ಅಂವ ಈಗ ಗುಂಡಿ ಒತ್ತಿದ್ದ."

ಒತ್ತಿದವರಿಗೇ ತಾನೆ ಆತು ಬರುವುದು. ಐದನೆಯ ದಿನವೂ ಶುಕ್ರ ಎಲ್ಲೋ ಬದುಕಿದ್ದ, ಕೆಂಪು ಗುಂಡಿ ಒತ್ತುತ್ತಿದ್ದ, ಪ್ರತಿ ಸಲವೂ ಆತು ಎಂದು ಓದಿ ಸಮಾಧಾನದಿಂದ ಕಾಯುತ್ತಿದ್ದ. ಅವನ ಸಣ್ಣ ಕೂಗು ಈ ಕೋಣೆಯೊಳಗಿನ ಡಬ್ಬದವರೆಗೆ ಬರುತ್ತಿರಲಿಲ್ಲ. ಅದಕ್ಕೆ ಯಾರೋ ಕೊಟ್ಟ ಉತ್ತರ ಮಾತ್ರ ನಮಗೆ ಕೇಳಿಸಿತ್ತು.

"ಈ ಏಳು ಎಷ್ಟು ದೂರದಲ್ಲಿದ್ದು?"

ಅನೂಪ ಸಾಲಿನ ಪಕ್ಕದ ಸಿಗ್ನಲ್ ಗೆರೆಗಳನ್ನು ತೋರಿಸಿದ. ಐದಕ್ಕೆ ಐದೂ ತುಂಬಿದ್ದವು. "ಕಡಲಲ್ಲಿ ಅಲ್ಲ ಮಾವ," ಎಂದ. "ಇಲ್ಲೇ. ಬಂದರದ ಒಳಗೇ."

"ಇಪ್ಪತ್ತು ಡಬ್ಬ ದೋಣಿಗೆ, ಒಂದು ದಡಕ್ಕೆ. ಮತ್ತೆ ಬೇರೆ ಇತ್ತಾ?"

"ಇನ್ನೊಂದು ಇತ್ತು. ನೀರು ಹೊಕ್ಕಿ ಕೆಟ್ಟೋತು. ಬಿಸಾಡು ಹೇಳಿ ದೇವುಗೆ ಕೊಟ್ಟಿದ್ದೆ."

ಎಲ್ಲರೂ ದೇವುವಿನ ಕಡೆ ತಿರುಗಿದೆವು.

"ಬಿಸಾಡು ಅಂದಾಗ ನೀನು ಎಂತ ಅಂದೆ?" ಎಂದು ಕೇಳಿದೆ. ಉತ್ತರ ನನಗೆ ಗೊತ್ತಿತ್ತು.

"ಆತು ಅಂದೆ."

"ಬಿಸಾಡಿದ್ಯಾ?"

ಅವನು ಜಜ್ಜಿದ ಕಾಲನ್ನು ನೋಡಿಕೊಂಡ. "ಒಣಗಿಸಿ ನೋಡ್ದೆ, ಹತ್ತಿತು. ಒಳ್ಳೇ ವಸ್ತು, ಬಿಸಾಡೂಕೆ ಮನ್ಸು ಬರ್ಲಿಲ್ಲ. ದೀಪಾವಳಿ ಆದ ಮಾರನೇ ವಾರ ಅಂವ ಬಂದು ಕೇಳ್ದ, ಕೊಟ್ಟೆ. ಪೊಲೀಸಿನವ್ರು ಕೇಳಿದ್ರೆ ಇಲ್ಲ ಅನ್ನೂಕೆ ಆತದ್ಯ ಹೆಗಡೇರೆ?"

"ಯಾವ ಪೊಲೀಸಿನವರು?"

"ಅದೇ, ಜೀಪಿನ ಡ್ರೈವರ್. ಸಾಹೇಬ್ರು ನೋಡ್ಬೇಕಂತೆ ಅಂದ."

ಅನೂಪ ಎದ್ದು ಕಿಟಕಿಯ ಹತ್ತಿರ ಹೋಗಿದ್ದ. ಐಸ್ ಫ್ಯಾಕ್ಟರಿಯ ನೆರಳಿನ ಕಡೆ ನೋಡುತ್ತ, ತುಂಬ ಮೆಲ್ಲಗೆ ಹೇಳಿದ. "ಆ ಜೀಪಿನ ಮೇಲೆ ಸೊಟ್ಟಗೆ ಇರೂ ಏರಿಯಲ್ ನಮ್ಮ ಡಬ್ಬದ್ದು, ಮಾವ."

ಮಧ್ಯಾಹ್ನದಿಂದ ಅದನ್ನು ನೋಡಿ ಗೊಣಗಿದ್ದವನು ನಾನು. ಸೊಟ್ಟಗಿದೆ ಎಂದು ರೇಗಿದೆನೇ ಹೊರತು ಯಾಕಿದೆ ಎಂದು ಕೇಳಲಿಲ್ಲ. ಅನೂಪನಿಗೆ ಬೈಯಲು ನನಗೆ ಯಾವ ಮುಖ?

ಜೀಪಿನ ಹಿಂದಿನ ಸೀಟಿನಲ್ಲಿ ಯಾರೋ ಅಲುಗಾಡಿದರು.

ಮೇಜಿನ ಮೇಲೆ ಫೋನು ಹೊಡೆದುಕೊಂಡಿತು. ಎತ್ತಿದೆ.

"ಟೈಮ್ ಆಗ್ತಾ ಬಂತು ಹೆಗಡೆ," ಎಂದರು ಸಾಹೇಬರು. ಅವರ ದನಿಯ ಹಿಂದೆ ನಮ್ಮ ಕಿಟಕಿಯಾಚೆಯ ಅದೇ ಮೀನಿನ ಬುಟ್ಟಿ ಎಳೆಯುವ ಸದ್ದು, ಅದೇ ಕೊಂಕಣಿಯ ಜಗಳ. "ಹುಡುಕೋ ಬೋಟಿಗೆ ವಾಪಸ್ ಬರೋಕೆ ಹೇಳಿಬಿಡಿ. ದೇವುನ ಹೊರಗೆ ಕಳ್ಸಿ. ಆತಲ್ಲ?"

ಸೋಮಿ ನನ್ನ ಬಾಯನ್ನೇ ನೋಡುತ್ತಿದ್ದಳು.

"ಆತಲ್ಲ, ಹೆಗಡೆ?"

ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಮೊದಲ ಬಾರಿಗೆ ನಾನು ಆತು ಅನ್ನಲಿಲ್ಲ.